ಏಳು ನಿಮಿಷದ ಒಳಗೆ

ಅವರ ಕೊರಳಲ್ಲಿ ಯಾವಾಗಲೂ ಒಂದು ಒದ್ದೆ ಟವೆಲ್ ಇರುತ್ತಿತ್ತು. ಮದುವೆಯಲ್ಲಿ ಆಯೇರಿಯೆಂದು ಉಡುಗೊರೆ ಕೊಡುವಂಥ ತೆಳು ಬಿಳಿ ಟವೆಲ್, ಅಂಚಿಗೆ ಕೆಂಪು ಪಟ್ಟಿ. ಖಾಕಿ ಅಂಗಿಯ ಕಾಲರಿನೊಳಗೆ ಅದನ್ನು ಸುತ್ತಿಕೊಂಡು, ಮೇಲೆ ಸೀಟಿಯ ದಾರ ಹಾಕಿಕೊಳ್ಳುತ್ತಿದ್ದರು. ಜನವರಿಯ ಬೆಳಿಗ್ಗೆ ಬಸ್ಸಿನ ಕಿಟಕಿಗಳನ್ನೆಲ್ಲ ಮುಚ್ಚಿ ಮಂದಿ ಶಾಲು ಹೊದ್ದು ಕುಳಿತಿದ್ದಾಗಲೂ ಆ ಟವೆಲಿನ ತುದಿಯಿಂದ ನೀರು ಇಳಿದು ಅಂಗಿ ನೆನೆದಿರುತ್ತಿತ್ತು. ಧೂಳಿಗೆಂದು ಕಟ್ಟಿಕೊಳ್ಳುತ್ತಾರೆ ಎಂದು ನಾನು ಬಹಳ ದಿನ ನಂಬಿದ್ದೆ. ನನ್ನ ಡೈರಿಯಲ್ಲೂ ಹಾಗೇ ಬರೆದಿದ್ದೇನೆ: "ಕಂಡಕ್ಟರ್ ಅಕ್ಕಾರು. ಟವೆಲ್. ಧೂಳಿಗೆ." ಮೂರನೆಯ ಮಾತು ತಪ್ಪು. ಹೊಡೆದು ಹಾಕದೆ ಹಾಗೇ ಬಿಟ್ಟಿದ್ದೇನೆ.

ನಾನು ಚಿಕ್ಕೋಡಿಯಿಂದ ರಾಯಬಾಗಕ್ಕೆ ದಿನಾ ಬಸ್ಸಿಗೆ ಹೋಗಿಬರುವವಳು. ಅಲ್ಲಿನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಲ್ಯಾಬ್ ನೋಡಿಕೊಳ್ಳುವ ಕೆಲಸ. ಹತ್ತನೆಯ ತರಗತಿಯಿಂದ ಡೈರಿ ಬರೆಯುತ್ತೇನೆ. ಮನಸ್ಸಿನ ಮಾತು ಅದರಲ್ಲಿ ಕಡಿಮೆ. ತಾರೀಖು, ಗಂಟೆ, ಎಣಿಕೆ ಹೆಚ್ಚು. ಎಂಟು ಗಂಟೆಯ ಬಸ್ಸು ಎಷ್ಟಕ್ಕೆ ಬಿಟ್ಟಿತು, ಎಲ್ಲಿ ಎಷ್ಟು ಹೊತ್ತು ನಿಂತಿತು, ಎಷ್ಟಕ್ಕೆ ಮುಟ್ಟಿತು ಎಂದು ಕಿಟಕಿಯ ಪಕ್ಕ ಕುಳಿತು ಗುರುತು ಹಾಕಿಕೊಳ್ಳುತ್ತಿದ್ದೆ. ಅದನ್ನು ನೋಡಿ ಮೊದಲ ವಾರವೇ ಅಕ್ಕಾರು ನನ್ನ ಸೀಟಿನ ಹತ್ತಿರ ನಿಂತರು.

"ಯಾಕ ತಂಗಿ, ಚೆಕಿಂಗ್ ಸ್ಕ್ವಾಡಿನಾಕೇನ ನೀ?"

"ಇಲ್ರಿ ಅಕ್ಕಾರ. ಹಂಗ ಸುಮ್ನ ಬರೀತೇನ್ರಿ."

"ಸುಮ್ನ ಬರಿಯೋರಿಗೆ ನಾ ಬಾಳ ಅಂಜ್ತೇನಿ ನೋಡು," ಎಂದು ಟಿಕೆಟ್ ಹರಿದು ಕೊಟ್ಟು ಹೋದರು. ಅವತ್ತಿನಿಂದ ನನ್ನ ಹೆಸರು ಆ ಬಸ್ಸಿನಲ್ಲಿ 'ಡೈರಿ' ಎಂದೇ ಆಯಿತು.

ಅವರಿಗೆ ಆಗ ಐವತ್ತು ದಾಟಿ ಒಂದು ವರ್ಷ. ಸೀರೆಯ ಮೇಲೆ ಖಾಕಿ ಅಂಗಿ, ಎಡಗೈಯಲ್ಲಿ ಟಿಕೆಟ್ ಮಷಿನ್, ಬಲ ಮೊಣಕೈಯನ್ನು ಕಂಬಕ್ಕೆ ಸಿಕ್ಕಿಸಿಕೊಂಡು ನಿಂತರೆಂದರೆ ಎಂಥ ತಿರುವಿನಲ್ಲೂ ಅಲುಗುತ್ತಿರಲಿಲ್ಲ. ಹೆಣ್ಣುಮಕ್ಕಳಿಗೆ ಟಿಕೆಟ್ ಫ್ರೀ ಆದಮೇಲೆ ಬಸ್ಸಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. "ಹಿಂದ ಸರೀರಿ, ಹಿಂದ ಇನ್ನೂ ಅರ್ಧಾ ತಾಲೂಕ ಖಾಲಿ ಐತಿ," ಎನ್ನುತ್ತ ಆ ಗದ್ದಲದೊಳಗೆ ತೂರಿಕೊಂಡು ಹೋಗುವರು. ಹೆಂಗಸರ ಸೀಟಿನಲ್ಲಿ ಕುಳಿತು ಏಳದ ಗಂಡಸಿಗೆ ಸಿಟ್ಟು ಮಾಡುತ್ತಿರಲಿಲ್ಲ. "ಮಾಮಾ, ಆಧಾರ್ ಕಾರ್ಡ್ ತಗೀರಿ ನೋಡೂಣು. ಹೆಣ್ಣ ಅಂತ ಇದ್ರ ಕುಂದರ್ರಿ." ರೊಕ್ಕವಿಲ್ಲದ ಮೇಲೆ ಚೀಟಿ ಯಾಕೆ ಎಂದು ಕೇಳಿದ ಮುದುಕಿಗೆ, "ಆಯಿ, ನೀ ಮನಿ ಬಿಟ್ಟು ಹೊರಗ ಬಿದ್ದಿ ಅಂತ ಸರ್ಕಾರಕ್ಕ ಗೊತ್ತಾಗಬೇಕಲ್ಲ," ಎಂದಿದ್ದರು.

ಹಾದಿಯ ನಡುವೆ ಒಂದು ಊರಿನ ಹೊರಗೆ ಹಿಟ್ಟಿನ ಗಿರಣಿ ಇದೆ. ಅದೇ ಗಿರಣಿ ಸ್ಟಾಪ್. ಬಸ್ಸು ಅಲ್ಲಿಗೆ ಬರುವುದು ಎಂಟು ಮೂವತ್ತೊಂದಕ್ಕೆ. ಇಬ್ಬರೋ ಮೂವರೋ ಹತ್ತುವ ಜಾಗ, ಅರ್ಧ ನಿಮಿಷ ಸಾಕು. ಆದರೆ ಆ ವರ್ಷ ಬೇಸಿಗೆ ಮುಗಿದ ಮೇಲೆ ಅಕ್ಕಾರು ಅಲ್ಲಿ ಇಳಿದು ಗಿರಣಿಯ ಹಿಂದೆ ಹೋಗಲು ಶುರು ಮಾಡಿದರು. ಡ್ರೈವರ್ ಇಂಜಿನ್ ಬಂದ್ ಮಾಡಿ ಬೀಡಿ ಹಚ್ಚುತ್ತಿದ್ದ. ನಾವು ಐವತ್ತು ಅರವತ್ತು ಮಂದಿ ಬೆವರುತ್ತ ಕುಳಿತಿರುತ್ತಿದ್ದೆವು. ಜುಲೈ ತಿಂಗಳ ನನ್ನ ಲೆಕ್ಕ ಹೀಗಿದೆ: ಪ್ರಯಾಣ ಇಪ್ಪತ್ತಾರು ದಿನ, ಗಿರಣಿ ಸ್ಟಾಪಿನಲ್ಲಿ ತಡ ಹದಿನೇಳು ದಿನ, ಹೆಚ್ಚೆಂದರೆ ಒಂಬತ್ತು ನಿಮಿಷ, ಬಹುತೇಕ ಏಳು.

ಆ ಏಳು ನಿಮಿಷ ನನಗೆ ಸಣ್ಣದಾಗಿರಲಿಲ್ಲ. ಕಾಲೇಜಿನಲ್ಲಿ ಒಂಬತ್ತೂಕಾಲಿಗೆ ಹೆಬ್ಬೆರಳು ಒತ್ತಬೇಕು. ಮೂರು ಸಲ ತಡವಾದರೆ ಅರ್ಧ ದಿನದ ರಜೆ ಹೋಗುತ್ತಿತ್ತು. ನಮ್ಮ ಬಸ್ಸಿನಲ್ಲೇ ಬರುತ್ತಿದ್ದ ಒಬ್ಬ ಕಾರಕೂನ ಕಾಕಾ ಇದ್ದರು, ರಾಯಬಾಗದ ಒಂದು ಕಚೇರಿಯಲ್ಲಿ ಕೆಲಸ. ಅವರಿಗೂ ಇದೇ ತಾಪತ್ರಯ. "ಮನಿಯಾಗಿಂದ ಚಾ ಕುಡಿದು ಬರಾಕ ಆಗೂದಿಲ್ಲೇನು ಇಕಿಗೆ? ದಿನಾ ಗಿರಣ್ಯಾಗ ಬೀಗತನಾ," ಎಂದು ಗೊಣಗುತ್ತಿದ್ದರು. ಒಂದು ದಿನ ನನ್ನ ಡೈರಿಯನ್ನು ಓರೆಗಣ್ಣಿನಿಂದ ನೋಡಿ, "ತಂಗಿ, ಆ ಪುಟದ್ದ ನನಗೊಂದ ಝೆರಾಕ್ಸ್ ಕೊಡು," ಎಂದರು. ಯಾತಕ್ಕೆಂದು ಹೇಳಿದರು. ಕೇಳಿಸಿಕೊಂಡೆ. ಮರುದಿನ ಝೆರಾಕ್ಸ್ ತಂದುಕೊಟ್ಟೆ.

ಕಾಕಾ ಅದನ್ನು ದೂರಿನ ಅರ್ಜಿಯಾಗಿ ತಮ್ಮ ದುಂಡನೆಯ ಅಕ್ಷರದಲ್ಲಿ ಬರೆದು, ಇಪ್ಪತ್ತೆರಡು ಮಂದಿಯ ಸಹಿ ಹಾಕಿಸಿ, ಡಿಪೋಕ್ಕೆ ಕಳಿಸಿದರು. ನಾನು ಸಹಿ ಮಾಡಲಿಲ್ಲ. ದಿನಾ ಅದೇ ಬಸ್ಸಿಗೆ ಹೋಗುವವಳು, ಮುಖ ನೋಡುವುದು ಕಷ್ಟ ಎಂದು ನೆಪ ಹೇಳಿದೆ.

ಅಕ್ಕಾರಿಗೆ ನೋಟೀಸ್ ಬಂತು. ಬಸ್ಸಿನಲ್ಲಿ ಅದು ಎಲ್ಲರಿಗೂ ಗೊತ್ತಾಯಿತು. ಅವರು ಯಾರನ್ನೂ ಏನೂ ಕೇಳಲಿಲ್ಲ. ಗಿರಣಿ ಸ್ಟಾಪಿನಲ್ಲಿ ಇಳಿಯುವುದನ್ನು ನಿಲ್ಲಿಸಿದರು, ಅಷ್ಟೇ. ಆಗಸ್ಟ್ ತಿಂಗಳಲ್ಲಿ ನನ್ನ ತಡದ ಲೆಕ್ಕ ಸೊನ್ನೆ. ಆ ಸೊನ್ನೆಯ ಸುತ್ತ ಹಸಿರು ಪೆನ್ನಿನಿಂದ ಗೆರೆ ಎಳೆದಿದ್ದೇನೆ.

ಈಗ ಆ ಪುಟ ತೆರೆದರೆ ಹಸಿರು ಗೆರೆಯ ಪಕ್ಕದಲ್ಲಿ ನಾನು ಬರೆಯದೆ ಬಿಟ್ಟದ್ದೆಲ್ಲ ನೆನಪಾಗುತ್ತದೆ. ಡ್ರೈವರಿನ ಹಿಂದೆ ಸಿಕ್ಕಿಸಿಟ್ಟ ಅವರ ನೀರಿನ ಬಾಟಲಿ ಸಂಜೆಯ ಟ್ರಿಪ್ಪಿನಲ್ಲೂ ತುಂಬಿಯೇ ಇರುತ್ತಿತ್ತು. "ಹಿಂದ ಸರೀರಿ" ಎನ್ನುವ ದನಿ ಇಳಿದಿತ್ತು. ತುಟಿ ಬಿಳಿಚಿತ್ತು. ಟವೆಲ್ ಮಾತ್ರ ಮೊದಲಿಗಿಂತ ಹೆಚ್ಚು ಒದ್ದೆ.

ಸೆಪ್ಟೆಂಬರಿನಲ್ಲಿ, ಗಣಪತಿ ಹಬ್ಬ ಮುಗಿದ ಮರುವಾರ, ಮಂಗಳವಾರ. ಬಸ್ಸಿನಲ್ಲಿ ಉಸಿರಾಡಲು ಜಾಗವಿರಲಿಲ್ಲ. ಅಕ್ಕಾರು ನನ್ನ ಸೀಟಿನ ಕಂಬ ಹಿಡಿದು ಟಿಕೆಟ್ ತೆಗೆಯುತ್ತಿದ್ದವರು ಹಾಗೇ ಕಣ್ಣು ಮುಚ್ಚಿದರು. ಟಿಕೆಟ್ ಮಷಿನ್ ನನ್ನ ತೊಡೆಯ ಮೇಲೆ ಬಿತ್ತು. ಮೊಣಕೈ ಕಂಬದಿಂದ ಜಾರಿತು. ನಾನು, ಹಿಂದಿನ ಸೀಟಿನ ಇಬ್ಬರು ಸೇರಿ ಹಿಡಿದು ನನ್ನ ಜಾಗದಲ್ಲಿ ಕೂರಿಸಿದೆವು. ಕೂರಿಸುವಾಗ ಸೀರೆಯ ಹಿಂಭಾಗದ ಕಲೆ ನೋಡಿದೆ. ನನ್ನ ಓಢಣಿ ತೆಗೆದು ಅವರ ನಡುವಿಗೆ ಸುತ್ತಿದೆ. ಅವರು ಕಣ್ಣು ತೆರೆದು ಅಂದದ್ದು ಒಂದೇ ಮಾತು: "ಗಿರಣಿ ಬಂತೇನ?"

ಡ್ರೈವರ್ ಗಿರಣಿ ಮುಂದೆ ನಿಲ್ಲಿಸಿದ. ನಾನು ಅವರನ್ನು ಹಿಡಿದುಕೊಂಡು ಗಿರಣಿಯ ಹಿಂದಿನ ಬಾಗಿಲಿಗೆ ಹೋದೆ. ಗಿರಣಿ ನಡೆಸುವ ಕಾಕು ಬಾಗಿಲು ತೆರೆದರು. ಹುಬ್ಬಿನ ಮೇಲೆಲ್ಲ ಜೋಳದ ಹಿಟ್ಟು. ಅವರೂ ಅಕ್ಕಾರ ವಾರಿಗೆಯವರೇ. ಏನು ಎತ್ತ ಎಂದು ಕೇಳಲಿಲ್ಲ, ಬಚ್ಚಲಿನಲ್ಲಿ ಬಿಸಿನೀರು ತೋಡಿಕೊಟ್ಟರು, ತಮ್ಮದೊಂದು ಸೀರೆ ಕೊಟ್ಟರು. ಅಕ್ಕಾರು ಒಳಗಿದ್ದಾಗ ನನ್ನ ಕಡೆ ತಿರುಗಿ ಶುರು ಮಾಡಿದರು.

"ಆರ ತಿಂಗಳಾತು ಹಿಂಗ ನಡದು. ತಿಂಗಳಿಗೆ ಎರಡೆರಡ ಸಲ, ನಳಾ ಬಿಟ್ಟಂಗ. ಮೈಯಾಗ ಬೆಂಕಿ. ರಾತ್ರಿ ನಿದ್ದಿಲ್ಲ. ಇಡೀ ಹಾದ್ಯಾಗ ಹೆಣಮಗಳೊಬ್ಬಾಕಿ ಹೋಗಿ ಕುಂದರಾಕ ಇದೊಂದ ಜಾಗಾ ಐತಿ. ದಿನಾ ಏಳ ನಿಮಿಷ ನಿಂದರಸ್ತಿದ್ಳು. ಅದನ್ನೂ ಯಾವನೋ ಬರದು ಕೊಟ್ಟಾನಂತ."

ನಾನು ಬಚ್ಚಲಿನ ಬಾಗಿಲ ಕಡೆ ತಿರುಗಿದೆ.

"ನಾನ್‌ಸ್ಟಾಪ್ ಬಸ್ಸಿನ್ಯಾಗ ಹೊಟ್ಟಿ ಕೆಡ್ಲಿ ಆ ಬರದಾಂವಂದು," ಎಂದರು ಕಾಕು. ಆಮೇಲೆ ನನ್ನ ಮುಖ ನೋಡಿ, "ನೀ ಯಾಕ ಬೆವರಾಕತ್ತಿ? ನೀರ ಕುಡಿ," ಎಂದು ತಂಬಿಗೆ ಕೊಟ್ಟರು. ಕುಡಿದೆ.

ಮರುದಿನ ರಜೆ ಹಾಕಿ ಚಿಕ್ಕೋಡಿಯ ಒಬ್ಬ ಲೇಡಿ ಡಾಕ್ಟರ್ ಹತ್ತಿರ ಅಕ್ಕಾರನ್ನು ಕರೆದುಕೊಂಡು ಹೋದೆ. ಅವರ ಯಜಮಾನರು ನಿಪ್ಪಾಣಿಯ ತಂಬಾಕಿನ ಗೋದಾಮಿನಲ್ಲಿ ಕೆಲಸಕ್ಕಿದ್ದರು, ವಾರಕ್ಕೊಮ್ಮೆ ಬರುವವರು. ಕರೆದುಕೊಂಡು ಹೋಗಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಡಾಕ್ಟರ್ ಕೇಳತೊಡಗಿದರು.

"ಇದರ ಹಿಂದಿನ ಸಲ ಯಾವಾಗ ಆಗಿತ್ತು?"

"ಆಗಿತ್ರಿ, ಹೋದ ತಿಂಗಳ."

"ಯಾವ ತಾರೀಖು?"

"ತಾರೀಖ ನೆನಪಿಲ್ರಿ."

"ಎಷ್ಟ ದಿನ ಇತ್ತು?"

"ಎಣಿಸಿಲ್ರಿ."

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಅಕ್ಕಾರ, ಯಾವ ಸ್ಟಾಪಿನ್ಯಾಗ ಎಷ್ಟ ಮಂದಿ ಹತ್ತಿದ್ರು, ಎಷ್ಟ ಮಂದಿ ಇಳದ್ರು, ಎಲ್ಲಾ ಲೆಕ್ಕ ಇಡ್ತೀರಿ. ನಿಮ್ಮದ ನಿಮಗ ಗೊತ್ತಿಲ್ಲ ಅಂದ್ರ ನಾ ಏನ ಔಷಧ ಕೊಡ್ಲಿ?"

ಅಕ್ಕಾರು ಟವೆಲಿನ ತುದಿ ಹಿಂಡುತ್ತ ಕುಳಿತರು. ನನ್ನ ಚೀಲದಲ್ಲಿ ಡೈರಿ ಇತ್ತು. ತೆಗೆದರೆ ನಾನು ಯಾರೆಂಬುದು ಆ ಮೇಜಿನ ಮೇಲೇ ಗೊತ್ತಾಗುತ್ತದೆ. ತೆಗೆಯದಿದ್ದರೆ ಅವರು ಹೀಗೇ "ಆಗಿತ್ರಿ" ಎನ್ನುತ್ತ ಕುಳಿತಿರುತ್ತಾರೆ. ಚೀಲದ ಜಿಪ್ಪಿನ ಮೇಲೆ ಕೈಯಿಟ್ಟುಕೊಂಡು ಎಷ್ಟು ಹೊತ್ತು ಕುಳಿತೆನೋ. ನನ್ನ ಬದುಕಿನಲ್ಲಿ ನಾನು ಲೆಕ್ಕ ಇಡದ ಹೊತ್ತು ಅದೊಂದೇ.

ತೆಗೆದೆ. ಜುಲೈ ಪುಟ ತೆರೆದು ಓದಿದೆ. "ಎರಡನೇ ತಾರೀಖಿನಿಂದ ಹನ್ನೊಂದರ ತನಕ ಒಂಬತ್ತು ದಿನ, ನಡುವೆ ಒಂದು ರವಿವಾರ. ಆಮೇಲೆ ಇಪ್ಪತ್ತೆರಡರಿಂದ ಮೂವತ್ತರ ತನಕ ಎಂಟು ದಿನ, ನಡುವೆ ಒಂದು ರವಿವಾರ."

"ಇದೇನು?" ಎಂದರು ಡಾಕ್ಟರ್.

"ಬಸ್ಸು ಗಿರಣಿ ಹತ್ರ ನಿಂತ ದಿನಗಳ್ರಿ."

ಅಕ್ಕಾರು ನನ್ನ ಕಡೆ ನೋಡಲಿಲ್ಲ. ಡಾಕ್ಟರ್ ಕಡೆಗೇ ಮುಖ ಮಾಡಿ, "ಹೌದ್ರಿ. ಅವ ದಿನಾನ," ಎಂದರು.

ಡಾಕ್ಟರ್ ಪುಟವನ್ನು ತಮ್ಮ ಕಡೆ ತಿರುಗಿಸಿಕೊಂಡು ಬರೆದುಕೊಂಡರು. ರಕ್ತ ತಪಾಸಣೆ, ಸ್ಕ್ಯಾನಿಂಗ್ ಎಲ್ಲ ಆಯಿತು. ದೊಡ್ಡ ಭಯವೇನೂ ಇರಲಿಲ್ಲ. ಮುಟ್ಟು ನಿಲ್ಲುವ ಕಾಲ ಎಂದರು. ಆದರೆ ರಕ್ತ ಬಹಳ ಇಳಿದಿತ್ತು, ಇನ್ನೆರಡು ತಿಂಗಳು ಹೀಗೇ ಬಿಟ್ಟಿದ್ದರೆ ಬಾಟಲಿ ಏರಿಸಬೇಕಾಗುತ್ತಿತ್ತು ಎಂದು ಬೈದರು. ಗುಳಿಗೆ ಬರೆದುಕೊಟ್ಟು, "ನೀರ ಬಿಡಬ್ಯಾಡ್ರಿ. ದಿನಾ ನಡೀರಿ. ಒಬ್ಬಂಟಿ ಮನಿಯಾಗ ಕುಂದ್ರಬ್ಯಾಡ್ರಿ, ನಾಕ ಮಂದಿ ಗೆಳತ್ಯಾರನ ಕೂಡ್ರಿ. ಇನ್ನ ಮುಂದ ಪ್ರತಿ ತಾರೀಖ ಬರದಿಡ್ರಿ," ಎಂದರು.

ಹೊರಗೆ ಬಂದೆವು. ನಾನು ಬೈಗುಳಕ್ಕೆ ಸಿದ್ಧಳಾಗಿ ನಿಂತಿದ್ದೆ. ಅಕ್ಕಾರು ರಸ್ತೆಯ ಎರಡೂ ಕಡೆ ನೋಡಿ, "ಚಾ ಕುಡಿಯೂಣು ಬಾ," ಎಂದರು. ಚಹಾ ಕುಡಿದ ಮೇಲೆ, "ಐತವಾರ ನನಗ ಸೂಟಿ. ನಿನಗೂ ಸೂಟಿ. ಡೈರಿ ತಗೊಂಡ ಬಾ," ಎಂದರು.

ಹೀಗೆ ನಮ್ಮ ರವಿವಾರದ ತಿರುಗಾಟ ಶುರುವಾಯಿತು. ಅಕ್ಟೋಬರಿನಿಂದ ಮಾರ್ಚ್ ತನಕ ಹದಿನಾಲ್ಕು ರವಿವಾರ. ಆರು ದಿನ ಬಸ್ಸಿನಲ್ಲಿ ನಿಲ್ಲುವವರು ಏಳನೆಯ ದಿನವೂ ಬಸ್ಸೇ ಹತ್ತುತ್ತಾರಲ್ಲ ಎಂದು ಗಿರಣಿ ಕಾಕು ನಕ್ಕರೆ ಅಕ್ಕಾರ ಉತ್ತರ ಸಿದ್ಧವಿತ್ತು. "ಇಪ್ಪತ್ತೆರಡ ವರ್ಷ ಬಸ್ಸಿನ್ಯಾಗ ನಿಂತೇನಿ. ಕಿಟಕಿ ಕಡೆ ಕುಂತ ಒಂದ ದಿನ ಊರ ನೋಡಿಲ್ಲ." ಕಿಟಕಿಯ ಸೀಟು ಅವರದೇ. ಅದರಲ್ಲಿ ಯಾರಿಗೂ ರಿಯಾಯಿತಿ ಇರಲಿಲ್ಲ. ಗಿರಣಿ ಕಾಕು ಮೊದಲ ವಾರವೇ ಗಿರಣಿಗೆ ಬೀಗ ಹಾಕಿ ಬಂದರು. ಮೂರನೆಯವರು ನಮ್ಮ ಅವ್ವ.

ಅವ್ವನ ಮಾತು ಇಲ್ಲಿ ಹೇಳಬೇಕು. ನನ್ನ ಅವ್ವನಿಗೆ ಆಗ ನಲವತ್ತೆಂಟು. ಒಂದು ವರ್ಷದಿಂದ ಆಕೆ ಮದುವೆ, ಸೀಮಂತಕ್ಕೆ ಹೋಗುವುದನ್ನೆಲ್ಲ ಬಿಟ್ಟಿದ್ದಳು. ಚಳಿಗಾಲದಲ್ಲೂ ಫ್ಯಾನ್ ಹಾಕೆಂದು ಜಗಳ, ಹಾಕಿದ ಮೇಲೆ ಬೇಡವೆಂದು ಜಗಳ, ಸಣ್ಣ ಮಾತಿಗೆ ಅಳು. ಅಪ್ಪ ಅದನ್ನು 'ಅಕೀ ಸ್ವಭಾವ' ಎನ್ನುತ್ತಿದ್ದರು, ನಾನೂ ಹಾಗೇ ಅಂದುಕೊಂಡಿದ್ದೆ. ಬಸ್ಸಿನ ಪ್ರತಿ ನಿಮಿಷ ಬರೆದಿಟ್ಟ ನನ್ನ ಡೈರಿಯಲ್ಲಿ ಅವ್ವನ ಬಗ್ಗೆ ಒಂದು ಸಾಲೂ ಇರಲಿಲ್ಲ.

ಅಕ್ಕಾರು ಒಂದು ರವಿವಾರ ನೇರ ನಮ್ಮ ಮನೆಯ ಬಾಗಿಲಿಗೆ ಬಂದು ನಿಂತರು.

"ಅವ್ವಾರ, ನಿಮ್ಮ ಮಗಳ ಮ್ಯಾಲ ನಂದೊಂದ ತಕರಾರ ಐತ್ರಿ."

ಅವ್ವ ಗಾಬರಿಯಾಗಿ ಹೊರಗೆ ಬಂದಳು. "ಏನ ಮಾಡ್ಯಾಳ್ರಿ?"

"ಬಸ್ಸಿನ್ಯಾಗ ಕುಂತ ಬರೀತಾಳ, ನೋಡೂದಿಲ್ಲ. ಇಕೀನ ಒಬ್ಬಾಕೀನ ಕರಕೊಂಡ ಹೋಗಾಕ ನನ್ನ ಕಡೆ ಆಗೂದಿಲ್ಲ. ನೀವೂ ಬರ್ರಿ."

"ಇಲ್ರಿ ಬಾಯಾರ. ನನಗ ನಡುವ ಹಿಂಗ ಒಮ್ಮೆಲೆ ಮೈ ಬೆವತು..." ಎಂದು ಅವ್ವ ಅರ್ಧಕ್ಕೆ ನಿಲ್ಲಿಸಿದಳು.

ಅಕ್ಕಾರು ಕೊರಳಿನ ಟವೆಲ್ ತೆಗೆದು ಅವ್ವನ ಕೈಯಲ್ಲಿಟ್ಟರು. "ನಂದೂ ಅದ ಕಥಿರಿ. ಇದನ್ನ ಹಿಡೀರಿ, ಚಪ್ಪಲ್ ಮೆಟ್ರಿ."

ಅವ್ವ ಆ ಒದ್ದೆ ಟವೆಲನ್ನು ಮುಖಕ್ಕೆ ಒತ್ತಿಕೊಂಡಳು. ಆಮೇಲೆ ಒಳಗೆ ಹೋಗಿ ಸೀರೆ ಬದಲಿಸಿ ಬಂದಳು.

ಗಿರಣಿ ಕಾಕುವಿನ ತವರು ಉಗಾರ ಖುರ್ದ. ಅವರ ಅಪ್ಪ ಅಲ್ಲಿನ ಸಕ್ಕರೆ ಕಾರ್ಖಾನೆಯಲ್ಲಿದ್ದವರು. ಹೀಗಾಗಿ ಮೈಯಲ್ಲಿ ಒಮ್ಮೆಲೇ ಏರುವ ಆ ಝಳಕ್ಕೆ ಅವರಿಟ್ಟ ಹೆಸರು 'ಬಾಯ್ಲರ್'. ಬಸ್ಸಿನಲ್ಲಿ ಯಾರಾದರೊಬ್ಬರು ಸೆರಗಿನಿಂದ ಮುಖ ಒರೆಸಿಕೊಂಡರೆ ಸಾಕು, "ಬಾಯ್ಲರ್ ಹತ್ತಿತು," ಎಂದು ಕಿಟಕಿ ಸರಿಸುವರು, ಟವೆಲ್ ಕೈಯಿಂದ ಕೈಗೆ ಹೋಗುವುದು. ಅವ್ವ ಮೊದಲ ದಿನ ನಾಚಿದಳು. ನಾಲ್ಕನೆಯ ವಾರಕ್ಕೆ, "ಇವತ್ತ ನಂದು ಕಬ್ಬಿನ ಹಂಗಾಮಾ ಜೋರೈತಿ," ಎಂದು ತಾನೇ ಹೇಳಿ ಇಬ್ಬರನ್ನೂ ನಗಿಸಿದಳು. ಅವ್ವ ಹಾಗೆ ನಗುವುದನ್ನು ನಾನು ಎಷ್ಟೋ ದಿನದ ಮೇಲೆ ನೋಡಿದ್ದೆ.

ಅಕ್ಕಾರ ತಿರುಗಾಟಕ್ಕೆ ಒಂದು ಕ್ರಮವಿತ್ತು. ಮುಟ್ಟಬೇಕಾದ ಊರಿಗಿಂತ ಒಂದು ಸ್ಟಾಪ್ ಮೊದಲೇ ಇಳಿಯುವುದು, ಅಲ್ಲಿಂದ ನಡೆಯುವುದು. ಯಾವ ಊರಿಗೆ ಹೋದರೂ ದೇವರಿಗಿಂತ ಮೊದಲು ಬಚ್ಚಲು. "ಮೈ ಹಗುರಾಗದ ಕೈ ಮುಗದ್ರ ಲಕ್ಷ್ಯ ಎಲ್ಲಿರ್ತೈತಿ?" ಇದು ಅವರ ಮಾತು. ಅದಕ್ಕೆ ಅವರಲ್ಲಿ ಒಂದು ನಕಾಶೆ ಇತ್ತು, ತಲೆಯೊಳಗೆ. ಇಪ್ಪತ್ತೆರಡು ವರ್ಷದ ಡ್ಯೂಟಿಯಲ್ಲಿ ಯಾವ ಊರಿನ ಯಾವ ಬಾಗಿಲು ಬಡಿದರೆ ಹೆಣ್ಣುಮಕ್ಕಳು ಏನೂ ಕೇಳದೆ ಒಳಗೆ ಬಿಡುತ್ತಾರೆ ಎಂಬುದನ್ನು ಒಂದೊಂದಾಗಿ ಕೂಡಿಸಿದ್ದರು. ಅಥಣಿಯಲ್ಲಿ ಬ್ಲೌಸ್ ಹೊಲಿಯುವಾಕೆ. ಚಿಂಚಲಿಯಲ್ಲಿ ಶಾಲೆ ಕಲಿಸಿ ನಿವೃತ್ತರಾದ ಬಾಯಾರು. ತೆಲಸಂಗದಲ್ಲಿ ಬಳೆ ಅಂಗಡಿಯ ಅತ್ತೆ ಸೊಸೆ. ಕೊಗನೊಳ್ಳಿಯಲ್ಲಿ ಹೆದ್ದಾರಿಗೆ ಹತ್ತಿದ ಎರಡನೆಯ ಮನೆ. ನಾವು ಹೋದಲ್ಲೆಲ್ಲ ಒಂದು ಬಾಗಿಲು ತೆರೆಯುತ್ತಿತ್ತು, ನೀರು ಬರುತ್ತಿತ್ತು, ಆ ಮನೆಯವರೂ ತಮ್ಮದೊಂದು ಮಾತು ಹೊರಗೆ ಹಾಕುತ್ತಿದ್ದರು. ಅಥಣಿಯ ಟೇಲರ್ ಆಕೆ ನಮ್ಮ ಅವ್ವನಿಗೆ, "ನನಗೊಬ್ಬಾಕೀಗೆ ತಲಿ ಕೆಟ್ಟೈತಿ ಅಂತ ತಿಳಕೊಂಡಿದ್ದೆ ನೋಡ್ರಿ," ಎಂದಳು. ಅದೇ ದಿನ ಅವ್ವ ಅಲ್ಲಿ ಒಂದು ಜೊತೆ ಚರ್ಮದ ಚಪ್ಪಲಿ ಕೊಂಡಳು. ಇನ್ನು ಮುಂದೆ ಬಹಳ ನಡೆಯುವುದಿದೆ ಎಂದಳು.

ಒಮ್ಮೆ ಕಾಗವಾಡದ ತನಕ ಹೋಗಿ, ಅಲ್ಲಿಂದ ಮಿರಜಿಗೆ ಹೋಗೋಣ ಎಂದು ಅವ್ವ ಹಟ ಹಿಡಿದಳು. "ಇಲ್ಲಿಂದ ಮುಂದ ಮಹಾರಾಷ್ಟ್ರ. ನನ್ನ ನಕಾಶದಾಗ ಬಾಗಲಾ ಇಲ್ಲ," ಎಂದರು ಅಕ್ಕಾರು. ಒಂದು ಬೇವಿನ ಗಿಡದ ಕೆಳಗೆ ಕುಳಿತು ರೊಟ್ಟಿ, ಶೇಂಗಾ ಚಟ್ನಿ, ಮೊಸರು ಉಂಡು ತಿರುಗಿ ಬಂದೆವು.

ಪ್ರತಿ ರವಿವಾರ ಹಿಂದಿರುಗುವಾಗ ನಾನು ಡೈರಿ ತೆರೆಯುತ್ತಿದ್ದೆ. ಮೂವರೂ ಒಬ್ಬರಾದ ಮೇಲೆ ಒಬ್ಬರು ಹೇಳುವರು: ಎಷ್ಟು ರಾತ್ರಿ ನಿದ್ದೆ ಬಂತು, ಬಾಯ್ಲರ್ ಎಷ್ಟು ಸಲ, ಮುಟ್ಟು ಯಾವ ತಾರೀಖು, ಎಷ್ಟು ದಿನ, ಎಷ್ಟು ನಡೆದರು. ಡಿಸೆಂಬರಿಗೆ ಅಕ್ಕಾರ ಲೆಕ್ಕ ತಿಂಗಳಿಗೆ ಒಂದು ಸಲಕ್ಕೆ, ನಾಲ್ಕು ದಿನಕ್ಕೆ ಇಳಿಯಿತು. ತುಟಿಗೆ ಬಣ್ಣ ಬಂತು. ಬಾಟಲಿ ದಿನಕ್ಕೆ ಎರಡು ಸಲ ತುಂಬಿಸುವಂತಾಯಿತು.

ಆದರೆ ನಾನು ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಡಾಕ್ಟರ್ ಮೇಜಿನ ಮೇಲೆ ಪುಟ ತೆರೆದಿದ್ದೇ ಹೌದು. ಅದು ಡಿಪೋಕ್ಕೆ ಹೋದದ್ದು ನನ್ನ ಕೈಯಿಂದಲೇ ಎಂದು ಹೇಳಿರಲಿಲ್ಲ. ಅವರು ಕೇಳಿರಲಿಲ್ಲ. ಫೆಬ್ರವರಿಯಲ್ಲಿ ಯಡೂರಿಗೆ ಎರಡನೆಯ ಸಲ ಹೋದೆವು. ಅವ್ವ, ಕಾಕು ಗುಡಿಗೆ ಹೋಗಿದ್ದರು. ಅಕ್ಕಾರು ಹೊಳೆಯ ಮೆಟ್ಟಿಲ ಮೇಲೆ ಕುಳಿತು ಕೃಷ್ಣೆಯಲ್ಲಿ ಕಾಲು ಇಳಿಬಿಟ್ಟಿದ್ದರು. ನಾನು ಪಕ್ಕದಲ್ಲಿ ಕುಳಿತು, "ಅಕ್ಕಾರ, ಆ ಯಾದಿ ಕಾಕಾಗ ಕೊಟ್ಟಾಕಿ ನಾನ್ರಿ," ಎಂದೆ.

ಅವರು ಟವೆಲನ್ನು ನೀರಿಗೆ ಅದ್ದಿ ಹಿಂಡಿದರು.

"ನೋಟೀಸ್ ಬಂದ ದಿನಾನ ಗೊತ್ತಾತು."

"ಹೆಂಗ್ರಿ?"

"ನೋಟೀಸಿಗೆ ಅರ್ಜಿ ಲಗತ್ತ ಮಾಡಿದ್ರು. ಅದರಾಗ ಎಂಟು ಮೂವತ್ತೊಂದು ಅಂತ ಇತ್ತು. ಇಡೀ ಬಸ್ಸಿನ್ಯಾಗ ಎಲ್ಲಾರೂ ಎಂಟೂವರಿ ಅಂತಾರ. ಮೂವತ್ತೊಂದು ಅನ್ನಾಕಿ ನೀ ಒಬ್ಬಾಕಿನ."

ಹೊಳೆಯಲ್ಲಿ ಒಂದು ದೋಣಿ ಆ ದಡದಿಂದ ಈ ದಡಕ್ಕೆ ಬರುತ್ತಿತ್ತು. "ಮತ್ತ ನನ್ನನ್ಯಾಕ ಕರದ್ರಿ?" ಎಂದು ಕೇಳಿದೆ.

"ಸಿಟ್ಟ ಬಂದಿತ್ತು. ಸು‌ಳ್ಳ ಹೇಳೂದಿಲ್ಲ. ಬಸ್ಸಿನ್ಯಾಗಿಂದ ಇಳಸ್ಬೇಕು ಅನ್ನೂವಷ್ಟ ಬಂದಿತ್ತು." ಟವೆಲ್ ಕೊರಳಿಗೆ ಸುತ್ತಿಕೊಂಡರು. "ಆದ್ರ ಆ ಡಾಕ್ಟರ್ ಮುಂದ ನೀ ಚೀಲಾ ತಗದಿಯಲ್ಲ, ಅವತ್ತ ವಿಚಾರ ಮಾಡಿದೆ. ಇಕಿ ಬರದದ್ದರಾಗ ಒಂದ ಅಕ್ಷರ ಸುಳ್ಳಿಲ್ಲ. ಏಳ ನಿಮಿಷ ಖರೇನ. ಏಳ ನಿಮಿಷದ ಒಳಗ ಏನಿತ್ತು ಅನ್ನೂದ ಬರೀಲಿಲ್ಲ, ಅಷ್ಟ. ಅಕೀಗೆ ಕಂಡಿದ್ದಿಲ್ಲ."

ನಾನು ಡಿಪೋಕ್ಕೆ ಹೋಗಿ ತಪ್ಪೊಪ್ಪಿಕೊಳ್ಳುತ್ತೇನೆ, ಅರ್ಜಿಯೇ ಸುಳ್ಳೆಂದು ಬರೆದುಕೊಡುತ್ತೇನೆ ಎಂದೆ. ಅವರಿಗೆ ನಗು ಬಂತು.

"ಸುಳ್ಳ ಬರಿಯಾಕ ನಿನಗ ಬರೂದಿಲ್ಲ, ಅದರ ಉಸಾಬರಿ ಬ್ಯಾಡ. ಅವ ತಾರೀಖ ಬರಿ. ಅವ ಏಳ ನಿಮಿಷ ಬರಿ. ಬಾಜೂಕ ಇನ್ನೊಂದ ಗೆರಿ ಎಳದು ಒಳಗಿಂದೂ ಬರಿ."

"ನಿಮ್ಮ ಹೆಸರಾ?"

"ಬರಿ. ನನ್ನ ವಯಸ್ಸೂ ಬರಿ. ಏನ, ಕಳವ ಮಾಡೇನೇನ ನಾ?"

ಆ ವಾರ ಬರೆದೆ. ಎಡಕ್ಕೆ ತಾರೀಖು, ನಿಮಿಷ. ಬಲಕ್ಕೆ: ಹಾದಿಯಲ್ಲಿ ಬೇರೆ ಬಚ್ಚಲಿಲ್ಲ; ಕಂಡಕ್ಟರ್ ಅಕ್ಕಾರಿಗೆ ಐವತ್ತೊಂದು ವರ್ಷ; ಮುಟ್ಟು ನಿಲ್ಲುವ ಕಾಲ; ನೀರು ಕುಡಿಯುವುದನ್ನೇ ಬಿಟ್ಟಿದ್ದರು; ಸೆಪ್ಟೆಂಬರಿನಲ್ಲಿ ಬಸ್ಸಿನಲ್ಲಿ ತಲೆ ತಿರುಗಿ ಬಿದ್ದರು. ಕೊನೆಗೆ, ಗಿರಣಿ ಸ್ಟಾಪಿಗೆ ಏಳು ನಿಮಿಷದ ನಿಲುಗಡೆ ಕೊಡಿ ಎಂದು ಕೇಳಿದೆ. ಈ ಸಲ ಮೊದಲ ಸಹಿ ನನ್ನದು. ಕಾಗದವನ್ನು ಬಸ್ಸಿನಲ್ಲಿ ಸೀಟಿನಿಂದ ಸೀಟಿಗೆ ಕಳಿಸಿದೆ. ಕಾರಕೂನ ಕಾಕಾ ಕನ್ನಡಕ ಏರಿಸಿ ಎರಡು ಸಲ ಓದಿದರು. "ನಮ್ಮ ಮನಿಯಾಕೀಗೂ ಹಿಂಗ ಆಗತಿತ್ತು ಕಾಣಸ್ತೈತಿ," ಎಂದರು ಮೆಲ್ಲಗೆ, ಯಾರಿಗೂ ಅಲ್ಲ ಎಂಬಂತೆ. "ಕೇಳಿದ್ದಿಲ್ಲ ನಾ." ಸಹಿ ಮಾಡಿದರು. ಡಿಪೋಕ್ಕೆ ಹೋದದ್ದು ಒಟ್ಟು ನಲವತ್ತಾರು ಸಹಿ. ಮೊದಲಿನ ಅರ್ಜಿಗಿಂತ ಇಪ್ಪತ್ತನಾಲ್ಕು ಹೆಚ್ಚು.

ಏಪ್ರಿಲ್ ತಿಂಗಳ ವೇಳಾಪಟ್ಟಿಯಲ್ಲಿ ಗಿರಣಿ ಸ್ಟಾಪಿಗೆ ಐದು ನಿಮಿಷದ ನಿಲುಗಡೆ ಬಂತು. ಬಸ್ಸು ಚಿಕ್ಕೋಡಿಯನ್ನು ಎಂಟಕ್ಕೆ ಐದು ನಿಮಿಷ ಮೊದಲು ಬಿಡತೊಡಗಿತು. "ಏಳ ಕೇಳಿದ್ರ ಐದ ಕೊಟ್ಟಾರ. ಜಿಪುಣರು," ಎಂದರು ಅಕ್ಕಾರು. ಆದರೆ ಅವತ್ತು ಗಿರಣಿಯಲ್ಲಿ ಇಳಿಯುವಾಗ ಸೀಟಿಯನ್ನು ಬೇಕಂತಲೇ ಉದ್ದ ಊದಿದರು.

ಆಮೇಲೆ ಅವರು ನಮ್ಮ ಹಾದಿಯಲ್ಲಿದ್ದದ್ದು ಎರಡೇ ತಿಂಗಳು. ಮುಧೋಳದ ಕಡೆ ಅವರ ತವರಿನಲ್ಲಿ ತಾಯಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ನೋಡಿಕೊಳ್ಳಲು ಹತ್ತಿರ ಇರಬೇಕೆಂದು ವರ್ಗ ಕೇಳಿದ್ದರು, ಜೂನಿನಲ್ಲಿ ಸಿಕ್ಕಿತು. ಕೊನೆಯ ದಿನ ರಾಯಬಾಗದ ಸ್ಟ್ಯಾಂಡಿನಲ್ಲಿ ಮಂದಿ ಇಳಿದ ಮೇಲೆ ನನ್ನ ಪಕ್ಕದಲ್ಲಿ, ಕಿಟಕಿಯ ಕಡೆ, ಕುಳಿತರು.

"ತಗಿ ಡೈರಿ. ಬರಕೋ."

ಒಂದೊಂದಾಗಿ ಹೇಳಿದರು. ಒಂದು, ಗಿರಣಿಯ ಹಿಂದಿನ ಬಾಗಿಲು. ಎರಡು, ಅಥಣಿಯ ಟೇಲರ್. ಮೂರು, ಚಿಂಚಲಿಯ ಬಾಯಾರು, ಮಧ್ಯಾಹ್ನ ಎರಡರಿಂದ ನಾಲ್ಕು ಮಲಗಿರುತ್ತಾರೆ, ಜೋರಾಗಿ ಬಡಿಯಬೇಕು. ಕೊಗನೊಳ್ಳಿಯ ಮನೆಯ ನಾಯಿ ಬೊಗಳುತ್ತದೆ, ಕಚ್ಚುವುದಿಲ್ಲ. ಒಟ್ಟು ಹತ್ತೊಂಬತ್ತು ಬಾಗಿಲು. ಬರೆದು ಮುಗಿಸುವಾಗ ಒಂಬತ್ತು ಹದಿನೆಂಟಾಗಿತ್ತು. ಅವತ್ತು ನನಗೆ ಕಾಲೇಜಿಗೆ ತಡವಾಯಿತು. ಡೈರಿಯಲ್ಲಿ ಹಾಕಿದ್ದೇನೆ.

ಈಗ ತಿಂಗಳಿಗೆ ಎರಡು ಸಲ ಫೋನ್ ಮಾಡುತ್ತಾರೆ. ಅವರ ಲೆಕ್ಕ ಇನ್ನೂ ನನ್ನ ಹತ್ತಿರವೇ ಇದೆ. "ಡೈರಿ, ವರ್ಷ ತುಂಬಿತೇನ?" ಎಂದು ಮೊನ್ನೆ ಕೇಳಿದರು. "ಇನ್ನ ಒಂಬತ್ತ ದಿನ ಐತ್ರಿ," ಎಂದೆ. ಮುಟ್ಟು ನಿಂತು ಒಂದು ವರ್ಷ ತುಂಬಿದ ಮೇಲೆ ಒಂದು ಹನಿ ಕಂಡರೂ ತಡಮಾಡದೆ ಬರಬೇಕೆಂದು ಡಾಕ್ಟರ್ ಹೇಳಿದ್ದನ್ನು ನೆನಪಿಸಿದೆ. "ಗೊತ್ತೈತಿ, ನೀ ಅದನ್ನ ಹನ್ನೊಂದ ಸಲ ಹೇಳಿದಿ," ಎಂದರು. ಅವರು ಎಣಿಸಿದ್ದರು. ಅವ್ವ ನನ್ನ ಕೈಯಿಂದ ಫೋನ್ ಕಸಿದುಕೊಂಡು, ಬರುವ ರವಿವಾರ ಗಿರಣಿ ಕಾಕು ಜೊತೆ ಎಲ್ಲಿಗೆ ಹೊರಟಿದ್ದೇವೆ ಎಂದು ಅರ್ಧ ಗಂಟೆ ಹೇಳಿದಳು. ಈಗ ರವಿವಾರದವರು ಏಳು ಮಂದಿ. ನಾನು ಎಲ್ಲ ವಾರ ಹೋಗುವುದಿಲ್ಲ, ಅವರಿಗೆ ನಾನು ಬೇಕಾಗಿಯೂ ಇಲ್ಲ.

ನಮ್ಮ ಬಸ್ಸಿಗೆ ಹೋದ ತಿಂಗಳು ಹೊಸ ಕಂಡಕ್ಟರ್ ಬಂದಿದ್ದಾಳೆ. ಸಣ್ಣ ಹುಡುಗಿ, ನನಗಿಂತ ಚಿಕ್ಕವಳಿರಬೇಕು. ಮೊನ್ನೆ ಸೋಮವಾರ ಕಂಬ ಹಿಡಿದು, ಹೊಟ್ಟೆಯ ಮೇಲೆ ಕೈಯಿಟ್ಟು, ತುಟಿ ಕಚ್ಚಿಕೊಂಡು ನಿಂತಿದ್ದಳು. ಬಾಟಲಿ ತುಂಬಿತ್ತು. ನಾನು ಎದ್ದು ಹೋಗಿ, "ಮುಂದ ಗಿರಣಿ ಬರ್ತೈತ್ರಿ. ಹಿಂದಿನ ಬಾಗಲಾ ಬಡೀರಿ. ಕಂಡಕ್ಟರ್ ಅಕ್ಕಾರು ಕಳಿಸ್ಯಾರ ಅಂತ ಹೇಳ್ರಿ," ಎಂದೆ. ಆಕೆ ನನ್ನನ್ನು ಒಮ್ಮೆ, ಗಿರಣಿಯನ್ನು ಒಮ್ಮೆ ನೋಡಿ ಇಳಿದು ಹೋದಳು. ಹಿಂದಿನ ಸೀಟಿನಲ್ಲಿ ಯಾರೋ ಹೊಸಬರು ಕೈಗಡಿಯಾರ ನೋಡಿಕೊಂಡು ಗೊಣಗಿದರು. ಕಾರಕೂನ ಕಾಕಾ ಅವರ ಕಡೆ ತಿರುಗಿ, "ಕುಂದರ್ರಿ, ಬರ್ತಾಳ," ಎಂದರು.

ಸಂಜೆ ಡೈರಿಯಲ್ಲಿ ಬರೆದೆ. ಗಿರಣಿ ಸ್ಟಾಪ್, ಎಂಟು ಇಪ್ಪತ್ತಾರರಿಂದ ಎಂಟು ಮೂವತ್ತಮೂರು. ಪಟ್ಟಿಗಿಂತ ಎರಡು ನಿಮಿಷ ಹೆಚ್ಚು. ಬಲಕ್ಕೆ ಗೆರೆ ಎಳೆದು ಬರೆದೆ: ಹುಡುಗಿ ಮುಖ ತೊಳೆದುಕೊಂಡಳಂತೆ. ಕಾಕು ಬೆಲ್ಲ ನೀರು ಕೊಟ್ಟರಂತೆ. ತಿರುಗಿ ಬರುವಾಗ ಆಕೆಯ ಕೊರಳಲ್ಲಿ ಒದ್ದೆ ಟವೆಲ್ ಇತ್ತು.